ಕೊಡಗಿನಲ್ಲಿ ಡಿಎಲ್: ಎಲ್‌ಎಲ್‌ಆರ್ ಪರೀಕ್ಷೆಯಿಂದ ಏರಿನಲ್ಲಿ ಗಾಡಿ ಎತ್ತುವವರೆಗೆ

ಕಾವೇರಿ ಕಣಿವೆ

ಎಲ್ಲರಿಗೂ ನಮಸ್ಕಾರ. ಮಡಿಕೇರಿ ಆರ್‌ಟಿಒ, ಅಂದರೆ ಕೆಎ-12 ವ್ಯಾಪ್ತಿಯಲ್ಲಿ ಹೊಸದಾಗಿ ಲೈಸೆನ್ಸ್ ಮಾಡಿಸುವವರಿಗೆ ಪೂರ್ತಿ ಮಾಹಿತಿ ಒಂದೇ ಕಡೆ ಸಿಗಲಿ ಅಂತ ಈ ಚರ್ಚೆ ಶುರು ಮಾಡ್ತಿದ್ದೇನೆ. ಗೇರ್ ಬೈಕ್, ಕಾರು ಎರಡೂ ಒಟ್ಟಿಗೆ ಬೇಕಾದರೆ ಕ್ರಮ ಏನು? ಎಲ್‌ಎಲ್‌ಆರ್ (ಕಲಿಕಾ ಲೈಸೆನ್ಸ್) ಪರೀಕ್ಷೆಯಲ್ಲಿ ಏನು ಕೇಳ್ತಾರೆ? ಗಾಡಿ ಓಡಿಸಿ ತೋರಿಸುವಾಗ ಎಲ್ಲಿ ಎಡವುವ ಸಾಧ್ಯತೆ ಜಾಸ್ತಿ? ಗೊತ್ತಿರುವವರು ವಿವರವಾಗಿ ಬರೆಯಿರಿ. "ಏಜೆಂಟ್ ಹತ್ರ ಕೊಡಿ, ಅವರೇ ನೋಡ್ಕೋತಾರೆ" ಅನ್ನುವ ಉತ್ತರ ಬೇಡ.

ಏರುದಾರಿ

ಮೊದಲು ಅರ್ಜಿಯ ವಿಷಯ ಮುಗಿಸಿಬಿಡೋಣ. ಅದು ಕಷ್ಟದ್ದಲ್ಲ.

ಸಾರಥಿ ಪರಿವಾಹನ್ ಜಾಲತಾಣದಲ್ಲಿ ಕರ್ನಾಟಕ ಆಯ್ಕೆ ಮಾಡಿ, ಕಲಿಕಾ ಲೈಸೆನ್ಸ್‌ಗೆ ಅರ್ಜಿ ತುಂಬಬೇಕು. ಗೇರ್ ಇರುವ ಬೈಕ್ ಮತ್ತು ಲಘು ಮೋಟಾರು ವಾಹನ ಎರಡನ್ನೂ ಒಂದೇ ಅರ್ಜಿಯಲ್ಲಿ ಸೇರಿಸಬಹುದು. ಇಲ್ಲಿ ಎರಡನ್ನೂ ಸೇರಿಸದೆ ಮುಂದೆ ಹೋದರೆ ನಂತರ ಮತ್ತೆ ಮೊದಲಿನಿಂದ ಓಡಾಡಬೇಕಾಗುತ್ತದೆ. ಆಧಾರ್ ಮೂಲಕ ಗುರುತು ದೃಢಪಡಿಸಿದವರು ಎಲ್‌ಎಲ್‌ಆರ್ ಪರೀಕ್ಷೆಯನ್ನು ಮನೆಯಿಂದಲೇ ಬರೆಯಬಹುದು. ಬೇಡ ಅನ್ನುವವರು ದಿನ ಗೊತ್ತುಮಾಡಿಕೊಂಡು ಕಚೇರಿಗೆ ಹೋಗಿ ಬರೆಯಬೇಕು.

ಕೇಂದ್ರ ಮೋಟಾರು ವಾಹನ ನಿಯಮದ ಪ್ರಕಾರ ಶುಲ್ಕ ಹೀಗೆ: ಎಲ್‌ಎಲ್‌ಆರ್‌ಗೆ ಒಂದು ವರ್ಗಕ್ಕೆ 150 ರೂಪಾಯಿ, ಪರೀಕ್ಷೆಗೆ 50. ಎರಡು ವರ್ಗ ಅಂದರೆ 350. ಮುಂದೆ ಡಿಎಲ್ ಹಂತದಲ್ಲಿ ಪ್ರತಿ ವರ್ಗದ ಚಾಲನಾ ಪರೀಕ್ಷೆಗೆ 300, ಲೈಸೆನ್ಸ್ ಕೊಡುವುದಕ್ಕೆ 200. ಸ್ಮಾರ್ಟ್ ಕಾರ್ಡ್ ಮತ್ತು ಸೇವಾ ಶುಲ್ಕ ಇದರ ಮೇಲೆ ಸೇರುತ್ತದೆ. ಪಾವತಿ ಪುಟದಲ್ಲಿ ಬರುವ ಒಟ್ಟು ಮೊತ್ತವನ್ನೇ ನಂಬಿ, ರಸೀದಿ ಇಳಿಸಿಟ್ಟುಕೊಳ್ಳಿ.

ಆರೋಗ್ಯದ ಬಗ್ಗೆ ನಮೂನೆ 1ರಲ್ಲಿ ಸ್ವಯಂ ಘೋಷಣೆ ಕೊಟ್ಟರೆ ಸಾಕು. 40 ವರ್ಷ ದಾಟಿದವರಿಗೆ ಮತ್ತು ಸಾರಿಗೆ ವಾಹನದ ಲೈಸೆನ್ಸ್ ಕೇಳುವವರಿಗೆ ನಮೂನೆ 1ಎ ಬೇಕು. ಅದಕ್ಕೆ ನೋಂದಾಯಿತ ವೈದ್ಯರ ಸಹಿ, ಮೊಹರು ಇರಬೇಕು.

ಎಲ್‌ಎಲ್‌ಆರ್ ಕೈಗೆ ಬಂದ ದಿನದಿಂದ 30 ದಿನ ತುಂಬುವವರೆಗೆ ಡಿಎಲ್ ಪರೀಕ್ಷೆಗೆ ಹೋಗುವಂತಿಲ್ಲ. ಎಲ್‌ಎಲ್‌ಆರ್ ಊರ್ಜಿತ ಇರುವುದು 6 ತಿಂಗಳು. ಈ ಎರಡು ದಿನಾಂಕಗಳ ನಡುವೆ ಪರೀಕ್ಷೆ ಪಾಸಾಗಬೇಕು. ಐದನೇ ತಿಂಗಳವರೆಗೆ ಕಾಯ್ದು ಹೋದರೆ, ಒಂದು ಸಲ ಫೇಲ್ ಆದರೂ ಸಮಯ ಸಾಲದೆ ಮತ್ತೆ ಎಲ್‌ಎಲ್‌ಆರ್‌ನಿಂದಲೇ ಶುರು ಮಾಡಬೇಕಾಗಬಹುದು. ಎರಡನೇ ತಿಂಗಳಲ್ಲೇ ದಿನ ಗೊತ್ತುಮಾಡಿಕೊಳ್ಳಿ.

ಸುಂಟಿಕೊಪ್ಪ ಸವಾರಿ

ಮನೆಯಿಂದ ಬರೆಯುವವರಿಗೆ ಒಂದು ಮಾತು. ಪ್ರಶ್ನೆಗಳಿಗೆ ಮೊದಲು ರಸ್ತೆ ಸುರಕ್ಷತೆಯ ವಿಡಿಯೊ ಪೂರ್ತಿ ನೋಡಬೇಕು, ಮಧ್ಯದಲ್ಲಿ ಬಿಟ್ಟರೆ ಮುಂದಕ್ಕೆ ಹೋಗುವುದಿಲ್ಲ. ಪರೀಕ್ಷೆ ನಡೆಯುವಾಗ ಕ್ಯಾಮೆರಾ ಮುಖ ನೋಡುತ್ತಾ ಇರುತ್ತದೆ. ಬೆನ್ನ ಹಿಂದೆ ಕಿಟಕಿ ಇದ್ದರೆ ಮುಖ ಕಪ್ಪಾಗಿ ಕಾಣುತ್ತದೆ; ಬೆಳಕು ಮುಖದ ಎದುರಿನಿಂದ ಬರುವ ಹಾಗೆ ಕೂತುಕೊಳ್ಳಿ. ಪಕ್ಕದಲ್ಲಿ ಇನ್ನೊಬ್ಬರು ಇಣುಕಬಾರದು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಕರೆಂಟ್ ಮತ್ತು ನೆಟ್‌ವರ್ಕ್ ಎರಡನ್ನೂ ನೆಚ್ಚಿಕೊಳ್ಳಲಾಗದು. ತೋಟದ ಒಳಗಿನ ಮನೆಯಲ್ಲಿ ಸಿಗ್ನಲ್ ಒಂದು ಕಡ್ಡಿ ಇದ್ದರೆ ಅಲ್ಲಿ ಬರೆಯುವ ಸಾಹಸ ಬೇಡ. ಪೇಟೆಗೆ ಬಂದು, ಕ್ಯಾಮೆರಾ ಇರುವ ಕಂಪ್ಯೂಟರ್‌ನಲ್ಲಿ ಬೆಳಗಿನ ಹೊತ್ತು ಬರೆಯುವುದು ಒಳ್ಳೆಯದು. ಕನ್ನಡ ಆಯ್ಕೆ ಇದೆ, ಶುರುವಿನಲ್ಲೇ ಭಾಷೆ ಆರಿಸಿಕೊಳ್ಳಿ. ಫೇಲ್ ಆದರೆ ಮತ್ತೆ 50 ರೂಪಾಯಿ ಕಟ್ಟಿ ಬರೆಯಬೇಕು.

ಮಡಿಕೇರಿ ಮಂಜು

ಈಗ ಪ್ರಶ್ನೆಗಳ ವಿಷಯ. ಪಾಸಾಗಲು ಶೇಕಡ 60 ಸರಿ ಉತ್ತರ ಬೇಕು. ನಿಯಮ 11 ಹೇಳುವ ಪ್ರಕಾರ ಪ್ರಶ್ನೆ ಬರುವುದು ನಾಲ್ಕು ಕಡೆಯಿಂದ: ಸಂಚಾರ ಚಿಹ್ನೆ ಮತ್ತು ರಸ್ತೆ ನಿಯಮ, ಅಪಘಾತವಾದಾಗ ಚಾಲಕನ ಕರ್ತವ್ಯ, ಕಾವಲಿಲ್ಲದ ರೈಲ್ವೆ ಗೇಟ್ ದಾಟುವಾಗಿನ ಎಚ್ಚರಿಕೆ, ಗಾಡಿಯಲ್ಲಿ ಇರಬೇಕಾದ ದಾಖಲೆಗಳು.

ಕೊಡಗಿನವರು ಗಮನಿಸಬೇಕಾದದ್ದು ಮೂರನೆಯದು. ನಮ್ಮ ಜಿಲ್ಲೆಯಲ್ಲಿ ರೈಲು ಮಾರ್ಗವೇ ಇಲ್ಲ. ಹಳಿ ದಾಟಿ ಅಭ್ಯಾಸ ಇಲ್ಲದವರು ಅಂದಾಜಿನಲ್ಲಿ ಉತ್ತರ ಒತ್ತುತ್ತಾರೆ. ಮೋಟಾರು ವಾಹನ ಕಾಯ್ದೆಯ ಕಲಂ 131 ಸ್ಪಷ್ಟವಾಗಿದೆ: ಕಾವಲಿಲ್ಲದ ಗೇಟ್ ಬಳಿ ಗಾಡಿ ನಿಲ್ಲಿಸಬೇಕು, ಕಂಡಕ್ಟರ್ ಅಥವಾ ಕ್ಲೀನರ್ ಇಳಿದು ಹಳಿಯವರೆಗೆ ನಡೆದು ಎರಡೂ ಕಡೆ ರೈಲು ಬರುತ್ತಿಲ್ಲ ಎಂದು ನೋಡಬೇಕು, ಅಂಥವರು ಯಾರೂ ಇಲ್ಲದಿದ್ದರೆ ಚಾಲಕನೇ ಇಳಿದು ನೋಡಬೇಕು. "ಹಾರ್ನ್ ಹಾಕಿ ಬೇಗ ದಾಟುವುದು" ಅನ್ನುವ ಆಯ್ಕೆ ತಪ್ಪು. ಚಿಹ್ನೆಯಲ್ಲಿ ಗೇಟಿನ ಚಿತ್ರ ಇದ್ದರೆ ಕಾವಲಿರುವ ಗೇಟ್, ರೈಲು ಎಂಜಿನ್ ಚಿತ್ರ ಇದ್ದರೆ ಕಾವಲಿಲ್ಲದ್ದು.

ಸಿಗ್ನಲ್ ದೀಪ, ಲೇನ್ ಗೆರೆಗಳ ಬಗ್ಗೆಯೂ ಇದೇ ಮಾತು. ಇಲ್ಲಿನ ಓಡಾಟದಲ್ಲಿ ಅವು ಕಣ್ಣಿಗೆ ಬೀಳುವುದು ಕಡಿಮೆ, ಪರೀಕ್ಷೆಯಲ್ಲಿ ಬೇಕೇ ಬೇಕು. ಮಿನುಗುವ ಕೆಂಪು ಕಂಡರೆ ಪೂರ್ತಿ ನಿಂತು, ನೋಡಿ ಹೋಗಬೇಕು. ಮಿನುಗುವ ಹಳದಿಗೆ ನಿಧಾನಿಸಿ ಎಚ್ಚರಿಕೆಯಿಂದ ಹೋಗಬೇಕು. ರಸ್ತೆ ಮಧ್ಯದ ಅಖಂಡ ಹಳದಿ ಗೆರೆಯನ್ನು ದಾಟಿ ಓವರ್‌ಟೇಕ್ ಮಾಡುವಂತಿಲ್ಲ. ವೃತ್ತದಲ್ಲಿ ಈಗಾಗಲೇ ಸುತ್ತುತ್ತಿರುವ ಗಾಡಿಗೆ ಮೊದಲ ಹಕ್ಕು. ಒಳಗೆ ಬರುವವರು ಕಾಯಬೇಕು. ಮಡಿಕೇರಿಯ ಜನರಲ್ ತಿಮ್ಮಯ್ಯ ವೃತ್ತದ ಹತ್ತಿರ ಅರ್ಧ ಗಂಟೆ ನಿಂತು ಯಾರು ಯಾರಿಗೆ ದಾರಿ ಬಿಡಬೇಕಿತ್ತು ಅಂತ ಲೆಕ್ಕ ಹಾಕಿದರೆ ಈ ನಿಯಮ ತಲೆಯಲ್ಲಿ ಕೂತುಬಿಡುತ್ತದೆ.

ಚಿಹ್ನೆಗಳನ್ನು ಒಂದೊಂದಾಗಿ ಬಾಯಿಪಾಠ ಮಾಡುವ ಮೊದಲು ಆಕಾರ ಕಲಿಯಿರಿ. ಕೆಂಪು ಅಂಚಿನ ವೃತ್ತ ಅಂದರೆ ನಿಷೇಧ ಅಥವಾ ಮಿತಿ. ನೀಲಿ ವೃತ್ತ ಅಂದರೆ ಕಡ್ಡಾಯವಾಗಿ ಮಾಡಬೇಕಾದದ್ದು. ಕೆಂಪು ಅಂಚಿನ ತ್ರಿಕೋನ ಎಚ್ಚರಿಕೆ, ನೀಲಿ ಆಯತ ಮಾಹಿತಿ. ಎಂಟು ಮೂಲೆಯ ಕೆಂಪು ಫಲಕ ಒಂದೇ ಒಂದು, ಅದು "ನಿಲ್ಲಿ". ತಲೆಕೆಳಗಾದ ತ್ರಿಕೋನವೂ ಒಂದೇ, "ದಾರಿ ಬಿಡಿ". ಹೀಗೆ ವಿಂಗಡಿಸಿಕೊಂಡರೆ ಕಾಣದ ಚಿಹ್ನೆ ಬಂದರೂ ನಾಲ್ಕರಲ್ಲಿ ಎರಡು ಆಯ್ಕೆ ತಾನಾಗಿ ಬಿದ್ದುಹೋಗುತ್ತವೆ. ಗೊಂದಲ ಆಗುವ ಜೋಡಿ: ಒಂದೇ ಅಡ್ಡಗೆರೆ ಇದ್ದರೆ ಪಾರ್ಕಿಂಗ್ ನಿಷೇಧ, ಗುಣಿಸು ಚಿಹ್ನೆಯಂತೆ ಎರಡು ಗೆರೆ ಇದ್ದರೆ ಗಾಡಿ ನಿಲ್ಲಿಸುವುದೇ ನಿಷೇಧ. ಕಡಿದಾದ ಏರು ಮತ್ತು ಇಳಿಜಾರಿನ ಚಿಹ್ನೆಗಳೂ ಅಷ್ಟೆ. ಚಿತ್ರದಲ್ಲಿನ ಗಾಡಿಯ ಮೂತಿ ಮೇಲಕ್ಕಿದೆಯೋ ಕೆಳಕ್ಕಿದೆಯೋ ನೋಡಿ.

ಕಿತ್ತಳೆ

ಮಂಜು ಸರ್, ಅಗಲ ಕಿರಿದಾದ ಘಾಟಿಯಲ್ಲಿ ಎದುರುಬದುರಾದಾಗ ದೊಡ್ಡ ಗಾಡಿಗೆ ಸಣ್ಣ ಗಾಡಿ ದಾರಿ ಬಿಡಬೇಕು ಅಲ್ವಾ? ನಮ್ಮ ಕಡೆ ಬಸ್ಸು ಬಂದರೆ ಎಲ್ಲರೂ ಸರಿದು ನಿಲ್ಲುವುದು.

ಮಡಿಕೇರಿ ಮಂಜು

ಅದು ರೂಢಿ, ನಿಯಮ ಅಲ್ಲ. ಎರಡು ಗಾಡಿ ಸಲೀಸಾಗಿ ದಾಟಲು ಜಾಗ ಇಲ್ಲದ ಏರು ರಸ್ತೆಯಲ್ಲಿ ಇಳಿಯುವ ಗಾಡಿ ನಿಂತು, ಏರುವ ಗಾಡಿಗೆ ದಾರಿ ಬಿಡಬೇಕು. ಪರೀಕ್ಷೆಯಲ್ಲಿ ಇದೇ ಉತ್ತರ ಒತ್ತಿ. ಕಾರಣವೂ ಇದೆ: ತುಂಬಿದ ಲಾರಿ ಏರಿನ ನಡುವೆ ನಿಂತರೆ ಮತ್ತೆ ಎತ್ತುವುದು ಕಷ್ಟ, ಹಿಂದಕ್ಕೆ ಜಾರಿದರೆ ಹಿಂದಿರುವವರಿಗೆಲ್ಲ ಅಪಾಯ. ಇಳಿಯುವವರಿಗೆ ಮತ್ತೆ ಹೊರಡಲು ಬ್ರೇಕ್ ಬಿಟ್ಟರೆ ಸಾಕು.

ಅಪಘಾತದ ಪ್ರಶ್ನೆಗಳಿಗೂ ಸೇರಿಸಿ ಹೇಳಿಬಿಡುತ್ತೇನೆ. ಗಾಯಾಳುವನ್ನು ಹತ್ತಿರದ ವೈದ್ಯರ ಬಳಿಗೆ ಅಥವಾ ಆಸ್ಪತ್ರೆಗೆ ಸೇರಿಸುವುದು ಮೊದಲ ಕರ್ತವ್ಯ. ಸ್ಥಳದಲ್ಲಿ ಪೊಲೀಸರು ಇಲ್ಲದಿದ್ದರೆ ಆದಷ್ಟು ಬೇಗ, ಹೆಚ್ಚೆಂದರೆ 24 ಗಂಟೆಯ ಒಳಗೆ, ಹತ್ತಿರದ ಠಾಣೆಗೆ ತಿಳಿಸಬೇಕು. ವಿಮಾ ಕಂಪನಿಗೂ ಲಿಖಿತ ಮಾಹಿತಿ ಕೊಡಬೇಕು. ಕುಡಿದು ಓಡಿಸುವುದರ ಮಿತಿ 100 ಮಿ.ಲೀ. ರಕ್ತದಲ್ಲಿ 30 ಮಿ.ಗ್ರಾಂ ಆಲ್ಕೋಹಾಲ್.

ಗೋಣಿಕೊಪ್ಪ ಗೇರ್

ಎಲ್‌ಎಲ್‌ಆರ್ ಸಿಕ್ಕಿದ ಮೇಲೆ ಅದನ್ನೇ ಡಿಎಲ್ ಅಂದುಕೊಂಡು ಒಬ್ಬರೇ ಕಾರು ತಗೊಂಡು ಹೊರಡುವವರು ಬಹಳ. ನಿಯಮ 3ರ ಪ್ರಕಾರ ಪಕ್ಕದಲ್ಲಿ ಊರ್ಜಿತ ಡಿಎಲ್ ಇರುವವರು ಕೂತಿರಬೇಕು, ಅದೂ ಗಾಡಿಯನ್ನು ಹಿಡಿತಕ್ಕೆ ತಂದು ನಿಲ್ಲಿಸಬಹುದಾದ ಜಾಗದಲ್ಲಿ. ಹಿಂದಿನ ಸೀಟಲ್ಲಿ ನಿದ್ದೆ ಮಾಡುತ್ತಿದ್ದರೆ ಲೆಕ್ಕಕ್ಕಿಲ್ಲ. ಬೈಕ್‌ನಲ್ಲಿ ಕಲಿಸುವವರನ್ನು ಬಿಟ್ಟು ಬೇರೆ ಯಾರನ್ನೂ ಹಿಂದೆ ಕೂರಿಸುವಂತಿಲ್ಲ.

ಎಲ್ ಬೋರ್ಡ್ ಮುಂದೆ ಹಿಂದೆ ಎರಡೂ ಕಡೆ. ಬಿಳಿ ಹಿನ್ನೆಲೆ, 18 ಸೆಂ.ಮೀ. ಚೌಕ, ಅದರಲ್ಲಿ ಕೆಂಪು ಅಕ್ಷರ 10 ಸೆಂ.ಮೀ. ಎತ್ತರ, 2 ಸೆಂ.ಮೀ. ದಪ್ಪ, ಬುಡದಲ್ಲಿ 9 ಸೆಂ.ಮೀ. ಅಗಲ. ಮಳೆಗಾಲದಲ್ಲಿ ಕಾಗದದ ಮೇಲೆ ಬರೆದು ಅಂಟಿಸಿದರೆ ಎರಡೇ ದಿನದಲ್ಲಿ ಕರಗಿ ಹೋಗುತ್ತೆ. ಸ್ಟಿಕ್ಕರ್ ಅಂಗಡಿಯಲ್ಲಿ ರೇಡಿಯಂನಲ್ಲಿ ಕತ್ತರಿಸಿ ಕೊಡ್ತಾರೆ, ಅದನ್ನೇ ಹಾಕಿಸಿ.

ಏರುದಾರಿ

ಇನ್ನು ಚಾಲನಾ ಪರೀಕ್ಷೆ. ನನ್ನ ದೃಷ್ಟಿಯಲ್ಲಿ ಇದೇ ಮುಖ್ಯ, ಹಾಗಾಗಿ ಉದ್ದ ಬರೆಯುತ್ತೇನೆ.

ಪರೀಕ್ಷಾ ಅಂಕಣದ ಆಕಾರ ಊರಿಂದ ಊರಿಗೆ ಬೇರೆ ಇರಬಹುದು. ಒಂದು ಕಡೆ 8, ಇನ್ನೊಂದು ಕಡೆ ಎಚ್, ಮತ್ತೊಂದು ಕಡೆ ನೇರ ರಸ್ತೆಯ ಮೇಲೆ ಓಡಿಸಿ ನೋಡುತ್ತಾರೆ. ಆದರೆ ಇನ್‌ಸ್ಪೆಕ್ಟರ್ ಏನು ನೋಡಬೇಕು ಅನ್ನುವುದನ್ನು ನಿಯಮ 15 ದೇಶಕ್ಕೆಲ್ಲ ಒಂದೇ ರೀತಿ ಬರೆದಿದೆ. ಅದರಲ್ಲಿ ಕನ್ನಡಿ ಹೊಂದಿಸುವುದು, ಸಿಗ್ನಲ್ ಕೊಡುವುದು, ಹಿಂದಕ್ಕೆ ತೆಗೆಯುವುದು, ತುರ್ತಾಗಿ ನಿಲ್ಲಿಸುವುದು ಎಲ್ಲ ಇವೆ. ಜೊತೆಗೆ ಈ ಎರಡೂ ಇವೆ: ಇಳಿಜಾರಿನಲ್ಲಿ ಸಮಯಕ್ಕೆ ಸರಿಯಾಗಿ ಕೆಳಗಿನ ಗೇರ್‌ಗೆ ಬರುವುದು, ಕಡಿದಾದ ಏರಿನಲ್ಲಿ ನಿಲ್ಲಿಸಿ ಹಿಂದಕ್ಕೆ ಜಾರದಂತೆ ಮತ್ತೆ ಹೊರಡುವುದು. ಬಯಲುಸೀಮೆಯಲ್ಲಿ ಕಲಿಯುವವರಿಗೆ ಈ ಎರಡು ಪುಸ್ತಕದ ಸಾಲು. ಕೊಡಗಿನಲ್ಲಿ ಮನೆಯ ಗೇಟು ದಾಟಿದರೆ ಇದೇ ರಸ್ತೆ. ಆದರೂ ಮೂವತ್ತು ದಿನವನ್ನೂ ಮೈದಾನದಲ್ಲಿ 8 ಹಾಕುವುದರಲ್ಲೇ ಕಳೆಯುವುದನ್ನು ನೋಡಿದರೆ ಬೇಸರವಾಗುತ್ತದೆ.

ಕಾರಿನಲ್ಲಿ ಏರಿನ ಮೇಲೆ ನಿಲ್ಲಿಸಿ ಎತ್ತುವ ಕ್ರಮ ಹೇಳುತ್ತೇನೆ. ಕಾಲಿನ ಬ್ರೇಕ್ ಹಿಡಿದು ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಪೂರ್ತಿ ಎಳೆದು, ನ್ಯೂಟ್ರಲ್‌ಗೆ ತಂದು, ಆಮೇಲೆ ಕಾಲು ತೆಗೆಯಿರಿ. ಹೊರಡುವಾಗ ಕ್ಲಚ್ ಪೂರ್ತಿ ಒತ್ತಿ ಮೊದಲ ಗೇರ್. ಒಳಗಿನ ಕನ್ನಡಿ, ಬಲ ಕನ್ನಡಿ, ಬಲ ಭುಜದ ಮೇಲಿಂದ ಒಂದು ನೋಟ, ಬಲ ಇಂಡಿಕೇಟರ್. ಈಗ ಆಕ್ಸಿಲರೇಟರ್ ಸ್ವಲ್ಪ ಒತ್ತಿ ಹಿಡಿದು ಕ್ಲಚ್ಚನ್ನು ನಿಧಾನಕ್ಕೆ ಮೇಲಕ್ಕೆ ಬಿಡಿ. ಒಂದು ಹಂತದಲ್ಲಿ ಎಂಜಿನ್ ಶಬ್ದ ತಗ್ಗುತ್ತದೆ, ಬಾನೆಟ್ ಸಣ್ಣಗೆ ಮೇಲೇಳುತ್ತದೆ. ಅಲ್ಲೇ ಎಡಗಾಲನ್ನು ಅಲುಗಾಡಿಸದೆ ನಿಲ್ಲಿಸಬೇಕು. ಆಮೇಲೆ ಹ್ಯಾಂಡ್ ಬ್ರೇಕ್ ಇಳಿಸಿ. ಗಾಡಿ ತಾನಾಗಿ ಮುಂದಕ್ಕೆ ಎಳೆಯುತ್ತದೆ. ಒಂದೆರಡು ಮೀಟರ್ ಹೋದ ಮೇಲೆ ಮಾತ್ರ ಕ್ಲಚ್ ಪೂರ್ತಿ ಬಿಡಬೇಕು.

ತಪ್ಪಾಗುವುದು ಹೀಗೆ. ಹ್ಯಾಂಡ್ ಬ್ರೇಕ್ ಇಳಿಸಿದ ತಕ್ಷಣ ಗಾಬರಿಗೆ ಎಡಗಾಲನ್ನೂ ಮೇಲಕ್ಕೆ ಎತ್ತಿಬಿಟ್ಟರೆ ಗಾಡಿ ಆಫ್ ಆಗಿ ಹಿಂದಕ್ಕೆ ಜಾರುತ್ತದೆ. ಕ್ಲಚ್ ಇನ್ನೂ ಹಿಡಿಯದೆ ಇರುವಾಗಲೇ ಹ್ಯಾಂಡ್ ಬ್ರೇಕ್ ಇಳಿಸಿದರೆ ಎಂಜಿನ್ ಎಷ್ಟು ಕೂಗಿದರೂ ಗಾಡಿ ಹಿಂದಕ್ಕೇ ಹೋಗುತ್ತದೆ. ಇನ್ನು ಕೆಲವರು ಹ್ಯಾಂಡ್ ಬ್ರೇಕ್ ಮುಟ್ಟದೆ, ಬರೀ ಹಾಫ್ ಕ್ಲಚ್‌ನಲ್ಲೇ (ಕ್ಲಚ್ ಅರ್ಧ ಬಿಟ್ಟು) ಏರಿನ ಮೇಲೆ ಗಾಡಿಯನ್ನು ನಿಲ್ಲಿಸಿಕೊಂಡಿರುತ್ತಾರೆ. ಅದರಿಂದ ಕ್ಲಚ್ ಪ್ಲೇಟ್ ಸವೆದು ಸುಟ್ಟ ವಾಸನೆ ಬರುತ್ತದೆ, ಬೇಗ ಬದಲಾಯಿಸಬೇಕಾಗುತ್ತದೆ.

ಅಭ್ಯಾಸಕ್ಕೆ ಒಂದು ದಾರಿ: ವಾಹನ ಸಂಚಾರ ಇಲ್ಲದ ಏರಿನಲ್ಲಿ, ಹಿಂದಿನ ಚಕ್ರದಿಂದ ಒಂದು ಗೇಣು ಹಿಂದೆ ಖಾಲಿ ರಟ್ಟಿನ ಪೆಟ್ಟಿಗೆ ಇಡಿ. ಅದಕ್ಕೆ ಚಕ್ರ ತಾಗದಂತೆ ಸತತ ಹತ್ತು ಸಲ ಎತ್ತಲು ಬಂದರೆ ಪರೀಕ್ಷೆಗೆ ಸಿದ್ಧ. ಮೊದಲು ಸಣ್ಣ ಏರು, ನಂತರ ಕಡಿದಾದದ್ದು, ಕೊನೆಗೆ ಪಕ್ಕದ ಸೀಟು ಮತ್ತು ಹಿಂದಿನ ಸೀಟಿನಲ್ಲಿ ಜನರನ್ನು ಕೂರಿಸಿಕೊಂಡು. ಭಾರ ಹೆಚ್ಚಾದಾಗ ಆಕ್ಸಿಲರೇಟರ್ ಎಷ್ಟು ಹೆಚ್ಚು ಬೇಕು ಅನ್ನುವುದು ಪಾದಕ್ಕೆ ತಿಳಿಯಬೇಕು.

ಸಂಪಾಜೆ ತಿರುವು

ಏರುದಾರಿಯವರು ಹತ್ತುವುದನ್ನು ಹೇಳಿದರು, ನಾನು ಇಳಿಯುವುದನ್ನು ಸೇರಿಸ್ತೇನೆ. ಮಡಿಕೇರಿಯಿಂದ ಸಂಪಾಜೆಗೆ, ವಿರಾಜಪೇಟೆಯಿಂದ ಮಾಕುಟ್ಟಕ್ಕೆ ಇಳಿಯುವವರು ಇದನ್ನು ಕಲಿಯದೆ ಸ್ಟಿಯರಿಂಗ್ ಹಿಡಿಯಬಾರದು.

ಯಾವ ಗೇರ್‌ನಲ್ಲಿ ಆ ಏರು ಹತ್ತಬೇಕಾಗಿತ್ತೋ ಅದೇ ಗೇರ್‌ನಲ್ಲಿ ಇಳಿಯಬೇಕು. ಆಕ್ಸಿಲರೇಟರ್ ಬಿಟ್ಟಾಗ ಎಂಜಿನ್ನೇ ಚಕ್ರವನ್ನು ಹಿಡಿದು ನಿಧಾನಿಸುತ್ತದೆ. ನ್ಯೂಟ್ರಲ್ ಮಾಡಿದರೆ ಆ ಹಿಡಿತ ಹೋಗಿ ಭಾರವೆಲ್ಲ ಬ್ರೇಕ್ ಮೇಲೆ ಬೀಳುತ್ತದೆ. ಸತತ ಒತ್ತುತ್ತಾ ಇದ್ದರೆ ಪ್ಯಾಡ್ ಬಿಸಿಯಾಗಿ ಹಿಡಿಯುವ ಶಕ್ತಿ ಕಡಿಮೆಯಾಗುತ್ತದೆ. ಪೆಡಲ್ ಮೆತ್ತಗಾದಂತೆ ಅನ್ನಿಸಿದರೆ ಅಥವಾ ಸುಟ್ಟ ವಾಸನೆ ಬಂದರೆ ಅಗಲ ಇರುವ ಕಡೆ ನಿಲ್ಲಿಸಿ, ತಣ್ಣಗಾಗಲು ಬಿಡಿ. ಬಿಸಿ ಬ್ರೇಕ್ ಮೇಲೆ ನೀರು ಸುರಿಯಬೇಡಿ.

ಪೆಟ್ರೋಲ್ ಉಳಿಸಲು ಎಂಜಿನ್ ಆಫ್ ಮಾಡಿ ಇಳಿಯುವುದು ಇನ್ನೂ ಕೆಟ್ಟದ್ದು. ಬ್ರೇಕ್‌ಗೆ ಬಲ ಕೊಡುವ ಬೂಸ್ಟರ್ ಎಂಜಿನ್ ಓಡುತ್ತಿದ್ದರೆ ಮಾತ್ರ ಕೆಲಸ ಮಾಡುತ್ತದೆ. ಆಫ್ ಆದ ಮೇಲೆ ಎರಡು ಮೂರು ಸಲ ಒತ್ತುವಷ್ಟರಲ್ಲಿ ಪೆಡಲ್ ಕಲ್ಲಿನಂತೆ ಗಟ್ಟಿಯಾಗುತ್ತದೆ, ಪವರ್ ಸ್ಟಿಯರಿಂಗ್ ಕೂಡ ಭಾರವಾಗುತ್ತದೆ. ಈಗಿನ ಬಹುತೇಕ ಕಾರುಗಳಲ್ಲಿ ಗೇರ್‌ನಲ್ಲಿದ್ದು ಆಕ್ಸಿಲರೇಟರ್ ಬಿಟ್ಟಾಗ ಇಂಧನ ಹೇಗೂ ಕಡಿತವಾಗುತ್ತದೆ, ಹಾಗಾಗಿ ಉಳಿತಾಯವೂ ಇಲ್ಲ.

ಗೇರ್ ಇಳಿಸುವುದು, ಬ್ರೇಕ್ ಒತ್ತುವುದು ಎರಡೂ ತಿರುವಿಗೆ ಮೊದಲೇ, ನೇರ ಭಾಗದಲ್ಲಿ ಮುಗಿಯಬೇಕು. ಹೇರ್‌ಪಿನ್ ಒಳಗೆ ಹೋದ ಮೇಲೆ ಕ್ಲಚ್ ಒತ್ತಿದರೆ ಗಾಡಿ ಹಿಡಿತ ತಪ್ಪಿ ವೇಗ ಹೆಚ್ಚುತ್ತದೆ. ಕಾಣದ ತಿರುವಿನಲ್ಲಿ ಹಾರ್ನ್, ಎಡಬದಿ ಬಿಡಬಾರದು, ಓವರ್‌ಟೇಕ್ ಇಲ್ಲವೇ ಇಲ್ಲ.

ಮಂಜು ಮುಸುಕಿದಾಗ ಹೈ ಬೀಮ್ ಹಾಕಿದರೆ ಬೆಳಕು ಮಂಜಿಗೆ ತಾಗಿ ನಮ್ಮ ಕಣ್ಣಿಗೇ ವಾಪಸ್ ಬರುತ್ತದೆ, ಮುಂದಿನದು ಕಾಣುವುದಿಲ್ಲ. ಡಿಮ್ ಮತ್ತು ಫಾಗ್ ಲ್ಯಾಂಪ್ ಇರಲಿ. ಓಡುತ್ತಿರುವ ಗಾಡಿಯಲ್ಲಿ ನಾಲ್ಕೂ ಇಂಡಿಕೇಟರ್ ಹಾಕಿಕೊಂಡು ಹೋಗಬೇಡಿ. ನೀವು ಯಾವ ಕಡೆ ತಿರುಗುತ್ತೀರಿ ಅಂತ ಹಿಂದಿನವರಿಗೆ ಗೊತ್ತಾಗುವುದಿಲ್ಲ.

ಕಿತ್ತಳೆ

ಬೈಕ್ ಟೆಸ್ಟ್ ಬಗ್ಗೆಯೂ ಬರೆಯಿರಿ ಪ್ಲೀಸ್. 8 ಹಾಕುವಾಗ ಕಾಲು ಊರಿಬಿಡ್ತೇವೆ.

ಗೋಣಿಕೊಪ್ಪ ಗೇರ್

ಅಕ್ಕ, ಕಾಲು ಊರುವುದು ಕಣ್ಣಿನ ತಪ್ಪಿನಿಂದ. ಮುಂದಿನ ಚಕ್ರದ ಬುಡ ನೋಡುತ್ತಾ ಹೋದರೆ ತೂಕ ತಪ್ಪುತ್ತದೆ. ತಿರುವಿನಲ್ಲಿ ಇರುವಾಗಲೇ ಮುಂದೆ ಹೋಗಬೇಕಾದ ಕಡೆಗೆ ಮುಖ ತಿರುಗಿಸಿ ನೋಡಬೇಕು, ಬೈಕ್ ತಾನಾಗಿ ಆ ಕಡೆ ಬರುತ್ತದೆ. ಮೊದಲ ಗೇರ್, ಆಕ್ಸಿಲರೇಟರ್ ಒಂದೇ ಸಮ, ವೇಗವನ್ನು ಹಾಫ್ ಕ್ಲಚ್ ಮತ್ತು ಹಿಂದಿನ ಬ್ರೇಕ್‌ನಿಂದ ಹಿಡಿಯಬೇಕು. ಹ್ಯಾಂಡಲ್ ತಿರುಗಿರುವಾಗ ಮುಂದಿನ ಬ್ರೇಕ್ ಮುಟ್ಟಿದರೆ ಗಾಡಿ ಮಗುಚುತ್ತದೆ. ಮಂಡಿ ಎರಡೂ ಟ್ಯಾಂಕ್‌ಗೆ ಒತ್ತಿರಲಿ.

ಏರಿನಲ್ಲಿ ಎತ್ತುವಾಗ ಎಡಗಾಲು ನೆಲಕ್ಕೆ, ಬಲಗಾಲು ಹಿಂದಿನ ಬ್ರೇಕ್ ಮೇಲೆ. ಎರಡೂ ಕಾಲು ನೆಲದಲ್ಲಿಟ್ಟು ಮುಂದಿನ ಬ್ರೇಕ್‌ನಲ್ಲಿ ನಿಂತರೆ ಆಕ್ಸಿಲರೇಟರ್ ಕೊಡಲು ಅದೇ ಬಲಗೈ ಬೇಕಾಗುತ್ತದೆ, ಆ ಕ್ಷಣ ಬೈಕ್ ಜಾರುತ್ತದೆ. ಗೇರ್ ಇಲ್ಲದ ಸ್ಕೂಟರ್‌ನಲ್ಲಿ ಎಡಗೈಯ ಬ್ರೇಕ್ ಹಿಡಿದೇ ಇದ್ದು, ಆಕ್ಸಿಲರೇಟರ್ ತಿರುಗಿಸಿ ಎಂಜಿನ್ ಎಳೆತ ಬಂದ ಮೇಲೆ ಬ್ರೇಕ್ ಬಿಡಬೇಕು. ಸ್ಕೂಟರ್ ಇಳಿಜಾರಿನಲ್ಲಿ ತೀರಾ ನಿಧಾನವಾದಾಗ ಒಳಗಿನ ಕ್ಲಚ್ ಬಿಟ್ಟುಕೊಂಡು ಎಂಜಿನ್ ಹಿಡಿತ ಇಲ್ಲದೆ ಉರುಳುತ್ತದೆ, ಹಾಗಾಗಿ ಎರಡೂ ಬ್ರೇಕ್ ಹದವಾಗಿ ಬಳಸಿ. ನೀರು ತುಂಬಿದ ಹೊಂಡ ದಾಟಿದ ಮೇಲೆ ಡ್ರಮ್ ಬ್ರೇಕ್ ಹಿಡಿಯುವುದಿಲ್ಲ. ಸ್ವಲ್ಪ ದೂರ ಬ್ರೇಕ್ ಮೆಲ್ಲಗೆ ಒತ್ತಿಕೊಂಡು ಓಡಿಸಿದರೆ ಒಣಗುತ್ತದೆ.

ಕೈ ಸನ್ನೆಗಳನ್ನು ಕೇಳುತ್ತಾರೆ. ಬಲಕ್ಕೆ ತಿರುಗಲು ಬಲಗೈ ಅಂಗೈ ಮುಂದಾಗಿ ನೇರ ಚಾಚುವುದು. ಎಡಕ್ಕೆ ತಿರುಗಲು ಬಲಗೈ ಚಾಚಿ ಗಡಿಯಾರದ ಮುಳ್ಳಿನ ವಿರುದ್ಧ ದಿಕ್ಕಿನಲ್ಲಿ ಸುತ್ತುವುದು. ನಿಧಾನಿಸಲು ಅಂಗೈ ಕೆಳಮುಖ ಮಾಡಿ ಕೈಯನ್ನು ಮೇಲೆ ಕೆಳಗೆ ಆಡಿಸುವುದು. ನಿಲ್ಲಿಸಲು ಮುಂಗೈ ನೆಟ್ಟಗೆ ಮೇಲಕ್ಕೆತ್ತುವುದು. ಹಿಂದಿನವರಿಗೆ ಮುಂದೆ ಹೋಗಿ ಅನ್ನಲು ಕೈಯನ್ನು ಹಿಂದಿನಿಂದ ಮುಂದಕ್ಕೆ ಬೀಸುವುದು. ಬಲಗೈ ಎತ್ತಿದಾಗ ಆಕ್ಸಿಲರೇಟರ್ ಬಿಟ್ಟುಹೋಗುತ್ತದೆ ಅನ್ನುವುದು ನೆನಪಿರಲಿ. ಸನ್ನೆ ಮೊದಲು, ಕೈ ವಾಪಸ್ ಹ್ಯಾಂಡಲ್‌ಗೆ, ಆಮೇಲೆ ತಿರುವು.

ವಿರಾಜಪೇಟೆ ವಾಹನ

ಎಚ್ ಅಥವಾ ರಿವರ್ಸ್ ಮಾಡುವಾಗ ಎಷ್ಟು ಸುತ್ತು ಸ್ಟಿಯರಿಂಗ್ ತಿರುಗಿಸಬೇಕು ಅಂತ ಎಣಿಸಿ ಕಲಿಸುವವರಿದ್ದಾರೆ. ಒಂದು ಕಾರಿನಲ್ಲಿ ಕಲಿತು ಇನ್ನೊಂದು ಕಾರು ಕೊಟ್ಟರೆ ಆ ಲೆಕ್ಕ ಕೈಕೊಡುತ್ತದೆ. ಗಾಡಿ ಆಮೆ ನಡಿಗೆಯಲ್ಲಿ ಇರುವಾಗಲೇ ಸ್ಟಿಯರಿಂಗ್ ತಿರುಗಿಸಿ, ಎರಡು ಬದಿಯ ಕನ್ನಡಿಯಲ್ಲಿ ಹಿಂದಿನ ಚಕ್ರ ಮತ್ತು ಗೆರೆಯ ನಡುವಿನ ಅಂತರ ನೋಡಿ. ಹಿಂದಕ್ಕೆ ತಿರುಗಿಸುವಾಗ ಮೂತಿ ಎದುರು ದಿಕ್ಕಿಗೆ ಬೀಸುತ್ತದೆ. ಕಂಬಕ್ಕೆ ತಾಗಿಸುವವರು ಮರೆಯುವುದು ಇದನ್ನೇ. ವೇಗ ಹಿಡಿಯುವುದು ಕ್ಲಚ್‌ನಿಂದ, ಆಕ್ಸಿಲರೇಟರ್ ಬೇಕಾಗುವುದು ವಿರಳ.

ಪರೀಕ್ಷೆಯ ದಿನ ತೆಗೆದುಕೊಂಡು ಹೋಗುವ ಗಾಡಿಗೆ ಆರ್‌ಸಿ, ವಿಮೆ, ಎಮಿಷನ್ ಪತ್ರ ಮೂರೂ ಚಾಲ್ತಿಯಲ್ಲಿರಬೇಕು. ಗಾಡಿ ಚೆನ್ನಾಗಿ ಓಡಿಸಲು ಬಂದರೂ ಎಮಿಷನ್ ಮುಗಿದಿದ್ದರೆ ವಾಪಸ್ ಕಳಿಸಬಹುದು. ಬ್ರೇಕ್ ಲೈಟ್, ಇಂಡಿಕೇಟರ್, ಹಾರ್ನ್ ಹಿಂದಿನ ದಿನವೇ ನೋಡಿಕೊಳ್ಳಿ. ಗೇರ್ ಬೈಕ್‌ಗೆ ಅರ್ಜಿ ಹಾಕಿ ಸ್ಕೂಟರ್ ತಗೊಂಡು ಹೋದರೆ ಆಗುವುದಿಲ್ಲ. ಐಎಸ್‌ಐ ಹೆಲ್ಮೆಟ್, ಪಟ್ಟಿ ಬಿಗಿದು. ಕಾರಿನಲ್ಲಿ ಕೂತ ಕೂಡಲೇ ಸೀಟು, ಕನ್ನಡಿ, ಬೆಲ್ಟ್, ಆಮೇಲೆ ಕೀ. ಇನ್‌ಸ್ಪೆಕ್ಟರ್ ಮೊದಲ ಅರ್ಧ ನಿಮಿಷದಲ್ಲೇ ನಿಮ್ಮ ಅಭ್ಯಾಸ ಅಳೆಯುತ್ತಾರೆ.

ಪಿಕಪ್ ಸ್ಟ್ಯಾಂಡ್

ತೋಟದವರಿಗೆ ಒಂದು ಸಂಶಯ. ಟ್ರ್ಯಾಕ್ಟರ್ ಮತ್ತು ಪಿಕಪ್ ಓಡಿಸಲು ಕಾರಿನ ಡಿಎಲ್ ಸಾಕಾ? ಹಳದಿ ಬೋರ್ಡ್ ಜೀಪಿಗೆ ಬ್ಯಾಡ್ಜ್ ಬೇಕೇ ಬೇಕು ಅಂತ ಕೆಲವರು ಹೇಳ್ತಾರೆ.

ಏರುದಾರಿ

ಖಾಲಿ ತೂಕ 7500 ಕೆ.ಜಿ. ಮೀರದ ಟ್ರ್ಯಾಕ್ಟರ್ ಕಾಯ್ದೆಯ ಪ್ರಕಾರ ಲಘು ಮೋಟಾರು ವಾಹನವೇ. ಪಿಕಪ್ ಮತ್ತು ಜೀಪಿನ ವಿಷಯದಲ್ಲಿ ಸುಪ್ರೀಂ ಕೋರ್ಟ್‌ನ ಸಂವಿಧಾನ ಪೀಠ 2024ರ ನವೆಂಬರ್‌ನಲ್ಲಿ ಗೊಂದಲ ಬಗೆಹರಿಸಿದೆ: ಲಘು ವಾಹನದ ಡಿಎಲ್ ಇರುವವರು 7500 ಕೆ.ಜಿ. ಒಳಗಿನ ಒಟ್ಟು ತೂಕದ ಸಾರಿಗೆ ವಾಹನ ಓಡಿಸಬಹುದು, ಪ್ರತ್ಯೇಕ ನಮೂದು ಬೇಡ. ದೊಡ್ಡ ಲಾರಿ, ಬಸ್ಸಿಗೆ ಮಾತ್ರ ಬೇರೆ ಲೈಸೆನ್ಸ್. ಅದಕ್ಕೆ 20 ವರ್ಷ ತುಂಬಿರಬೇಕು, ಲಘು ವಾಹನದ ಡಿಎಲ್ ಸಿಕ್ಕಿ ಒಂದು ವರ್ಷ ಆಗಿರಬೇಕು. ಎಂಟನೇ ತರಗತಿ ಓದಿರಬೇಕು ಅನ್ನುವ ಷರತ್ತು 2019ರಲ್ಲೇ ಹೋಗಿದೆ.

ಆದರೆ ಕಾಫಿ ಕೊಯ್ಲಿನ ಸಮಯದಲ್ಲಿ ಪಿಕಪ್ ಹಿಂಬದಿಯಲ್ಲಿ ಕಾರ್ಮಿಕರನ್ನು ತುಂಬಿಕೊಂಡು ಹೋಗಲು ಯಾವ ಡಿಎಲ್ ಕೂಡ ಅನುಮತಿ ಕೊಡುವುದಿಲ್ಲ. ಸರಕು ವಾಹನ ಸರಕಿಗೆ. ಮಗುಚಿದರೆ ಪ್ರಾಣ ಹೋಗುವುದು ಅವರದ್ದು, ಪರಿಹಾರಕ್ಕೆ ವಿಮಾ ಕಂಪನಿಯ ಜೊತೆ ಅಲೆಯಬೇಕಾಗುವುದು ಅವರ ಮನೆಯವರು. ದಯವಿಟ್ಟು ಇದನ್ನು ಹಗುರವಾಗಿ ನೋಡಬೇಡಿ.

ಕಾವೇರಿ ಕಣಿವೆ

ಜೂನ್ 2024ರಿಂದ ಆರ್‌ಟಿಒ ಟೆಸ್ಟ್ ಬೇಡ, ಡ್ರೈವಿಂಗ್ ಸ್ಕೂಲ್ ಸರ್ಟಿಫಿಕೇಟ್ ಸಾಕು ಅನ್ನುವ ಸಂದೇಶ ಓಡಾಡಿತ್ತಲ್ಲ, ಅದು ನಿಜವೇ? ಹಾಗೇ, 16 ವರ್ಷದವರಿಗೆ ಸ್ಕೂಟರ್ ಲೈಸೆನ್ಸ್ ಕೊಡ್ತಾರಾ?

ವಿರಾಜಪೇಟೆ ವಾಹನ

ಟೆಸ್ಟ್ ವಿನಾಯಿತಿ ಇರುವುದು 2021ರ ನಿಯಮದಡಿ ಮಾನ್ಯತೆ ಪಡೆದ ಚಾಲಕ ತರಬೇತಿ ಕೇಂದ್ರಗಳಲ್ಲಿ ಕಲಿತವರಿಗೆ ಮಾತ್ರ. ಅಲ್ಲಿ ಲಘು ವಾಹನದ ಕೋರ್ಸ್ 29 ಗಂಟೆ, ಸ್ವಂತ ಟ್ರ್ಯಾಕ್, ಕೊನೆಗೆ ಅಲ್ಲೇ ಪರೀಕ್ಷೆ. ಪೇಟೆಯ ಸಾಮಾನ್ಯ ಡ್ರೈವಿಂಗ್ ಸ್ಕೂಲ್ ಕೊಡುವ ನಮೂನೆ 5 ತರಬೇತಿಯ ದಾಖಲೆ ಅಷ್ಟೆ, ಆರ್‌ಟಿಒದಲ್ಲಿ ಚಾಲನಾ ಪರೀಕ್ಷೆ ಕೊಡಲೇಬೇಕು. ಅಂಥ ಸ್ಕೂಲಿನಲ್ಲೂ ನಿಯಮ 31ರ ಪ್ರಕಾರ ಕಾರಿಗೆ ಕನಿಷ್ಠ 21 ದಿನದ ತರಬೇತಿ, ಅದರಲ್ಲಿ 10 ಗಂಟೆ ನಿಜವಾಗಿ ಓಡಿಸಿರಬೇಕು. ದುಡ್ಡು ಕಟ್ಟುವ ಮೊದಲು ಎರಡು ಪ್ರಶ್ನೆ ಕೇಳಿ: ದಿನಕ್ಕೆ ಎಷ್ಟು ಹೊತ್ತು ಸ್ಟಿಯರಿಂಗ್ ನನ್ನ ಕೈಯಲ್ಲಿರುತ್ತದೆ? ಏರಿನಲ್ಲಿ ಎತ್ತುವುದನ್ನು ಕಲಿಸುತ್ತೀರಾ? ಬೋಧಕರೇ ಡ್ಯುಯಲ್ ಕಂಟ್ರೋಲ್ ಪೆಡಲ್ ಒತ್ತುತ್ತಾ ಕೂತರೆ ನಿಮ್ಮ ಕಾಲು ಏನೂ ಕಲಿಯುವುದಿಲ್ಲ.

16 ವರ್ಷಕ್ಕೆ ಸಿಗುವುದು 50 ಸಿಸಿ ಮೀರದ ಬೈಕ್‌ಗೆ, ಪೋಷಕರ ಒಪ್ಪಿಗೆಯೊಂದಿಗೆ. ಈಗ ಮಾರಾಟವಾಗುವ 110, 125 ಸಿಸಿ ಸ್ಕೂಟರ್ ಅದಕ್ಕೆ ಬರುವುದಿಲ್ಲ. ಅವಕ್ಕೆ 18 ತುಂಬಲೇಬೇಕು. ಅಪ್ರಾಪ್ತರಿಗೆ ಗಾಡಿ ಕೊಟ್ಟು ಅಪರಾಧ ಸಾಬೀತಾದರೆ ಕಲಂ 199ಎ ಪ್ರಕಾರ ಪೋಷಕರಿಗೆ ಅಥವಾ ಮಾಲೀಕರಿಗೆ 3 ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ, ಗಾಡಿಯ ನೋಂದಣಿ 12 ತಿಂಗಳು ರದ್ದು, ಆ ಹುಡುಗ ಅಥವಾ ಹುಡುಗಿಗೆ 25 ವರ್ಷದವರೆಗೆ ಎಲ್‌ಎಲ್‌ಆರ್ ಇಲ್ಲ. ಕಾಲೇಜಿಗೆ ಬಸ್ ತಪ್ಪುತ್ತೆ ಅಂತ ಕೀ ಕೊಡುವ ಮನೆಯವರು ಇದನ್ನೊಮ್ಮೆ ಓದಬೇಕು.

ಸುಂಟಿಕೊಪ್ಪ ಸವಾರಿ

ಫೇಲ್ ಆದವರಿಗೆ: 7 ದಿನ ಕಳೆದ ಮೇಲೆ ಮತ್ತೆ ಹೋಗಬಹುದು, ಪರೀಕ್ಷಾ ಶುಲ್ಕ ಮತ್ತೆ ಕಟ್ಟಬೇಕು. ಮೂರು ಸಲ ಆದರೂ ಪಾಸಾಗದಿದ್ದರೆ ಕೊನೆಯ ಪರೀಕ್ಷೆಯಿಂದ 60 ದಿನ ಕಾಯಬೇಕು. ಯಾವುದರಲ್ಲಿ ಫೇಲ್ ಅಂತ ಇನ್‌ಸ್ಪೆಕ್ಟರ್ ಹತ್ತಿರ ಅಲ್ಲೇ ಕೇಳಿಕೊಂಡು ಬನ್ನಿ, ಸುಮ್ಮನೆ ತಿರುಗಿ ಬರಬೇಡಿ.

ಪಾಸಾದವರಿಗೆ ಕಾರ್ಡ್ ಅಂಚೆಯಲ್ಲಿ ಬರುತ್ತದೆ. ತೋಟದ ಮನೆ, ಲೈನ್ ಮನೆಗಳಿಗೆ ಮನೆ ನಂಬರ್ ಇರುವುದಿಲ್ಲ. ಅರ್ಜಿಯಲ್ಲೇ ತೋಟದ ಹೆಸರು, ಗ್ರಾಮ, ಅಂಚೆ ಕಚೇರಿಯ ಹೆಸರು, ಸರಿಯಾದ ಪಿನ್‌ಕೋಡ್ ಬರೆಯಿರಿ. ಬರೀ "ಮಡಿಕೇರಿ ತಾಲ್ಲೂಕು, 571201" ಅಂತ ಬರೆದರೆ ಅಂಚೆಯವರು ಎಲ್ಲಿ ಹುಡುಕಬೇಕು? ಕಾರ್ಡ್ ಬರುವ ತನಕ ಡಿಜಿಲಾಕರ್ ಅಥವಾ ಎಂಪರಿವಾಹನ್‌ನಲ್ಲಿರುವ ಡಿಎಲ್ ತೋರಿಸಬಹುದು, ಕಾನೂನಿನಲ್ಲಿ ಅದಕ್ಕೆ ಮಾನ್ಯತೆ ಇದೆ. ಬರೀ ಫೋಟೊ ತೆಗೆದಿಟ್ಟುಕೊಂಡಿದ್ದರೆ ಅದು ದಾಖಲೆಯಲ್ಲ.

ಕಿತ್ತಳೆ

ಈಗ ಬೈಕ್‌ಗೆ ಮಾತ್ರ ಎಲ್‌ಎಲ್‌ಆರ್ ಮಾಡಿಸಿದವರು ಮುಂದಿನ ವರ್ಷ ಕಾರು ಸೇರಿಸಬಹುದಾ?

ಮಡಿಕೇರಿ ಮಂಜು

ಸೇರಿಸಬಹುದು ಅಕ್ಕ. ಕಾರಿನ ವರ್ಗಕ್ಕೆ ಹೊಸದಾಗಿ ಎಲ್‌ಎಲ್‌ಆರ್ ತೆಗೆದು, 30 ದಿನ ಕಳೆದು, ಆ ವರ್ಗದ ಚಾಲನಾ ಪರೀಕ್ಷೆ ಪಾಸಾಗಬೇಕು. ಡಿಎಲ್‌ಗೆ ಹೊಸ ವರ್ಗ ಸೇರಿಸುವ ಶುಲ್ಕ 500 ರೂಪಾಯಿ, ಪರೀಕ್ಷಾ ಶುಲ್ಕ ಬೇರೆ. ಹಳೆಯ ಡಿಎಲ್ ನಂಬರ್ ಅದೇ ಇರುತ್ತದೆ, ಕಾರ್ಡ್ ಮಾತ್ರ ಹೊಸದು ಬರುತ್ತದೆ. ಅರ್ಜಿ ತುಂಬುವಾಗ "ಹೊಸ ಡಿಎಲ್" ಒತ್ತದೆ, ಇರುವ ಡಿಎಲ್‌ಗೆ ವರ್ಗ ಸೇರಿಸುವ ಆಯ್ಕೆಯನ್ನೇ ತೆಗೆದುಕೊಳ್ಳಿ.